ಕುರ್ಚಿ ಬಿಟ್ಟ ಮೇಲೆ ಒಂದಿಷ್ಟು ಥ್ಯಾಂಕ್ಸ್

ಹೋದ ವಾರ ಸಂಘದ ಸರ್ವಸದಸ್ಯರ ಸಭೆ ಮುಗಿಯಿತು. ಫೈಲುಗಳು, ಬ್ಯಾಂಕಿನ ಕಾಗದ, ಮೇಲ್‌ನ ಪಾಸ್‌ವರ್ಡ್ ಎಲ್ಲವನ್ನೂ ಹೊಸ ಅಧ್ಯಕ್ಷರಿಗೆ ಒಪ್ಪಿಸಿ ಬಂದೆ. ಬೀಳ್ಕೊಡುಗೆ ಮಾತಿಗೆ ಐದು ನಿಮಿಷ ಕೊಟ್ಟಿದ್ದರು. ಎರಡು ನಿಮಿಷಕ್ಕೇ ಗಂಟಲು ಕಟ್ಟಿತು. ಹೇಳಬೇಕಾದ್ದು ಅರ್ಧಕ್ಕಿಂತ ಜಾಸ್ತಿ ಉಳಿದುಹೋಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಿಮ್ಮ ಸಂಘ ಏನು ಮಾಡುತ್ತದೆ ಎಂದು ಹೊರಗಿನವರು ಕೇಳಿದರೆ, 'ಆಸ್ಪತ್ರೆಯಲ್ಲಿ ಮಲಗಿದವರ ಹೊಟ್ಟೆ ನೋಡಿಕೊಳ್ಳುವವರ ಸಂಘ' ಎನ್ನುತ್ತೇನೆ. ತಿನ್ನಬಲ್ಲವರಿಗೆ ಸಾಕಷ್ಟು ಊಟ, ನುಂಗಲಾರದವರಿಗೆ ಟ್ಯೂಬ್, ಕರುಳೇ ಕೆಲಸ ಮಾಡದವರಿಗೆ ರಕ್ತನಾಳದ ಮೂಲಕ ಪೋಷಣೆ. ಡಾಕ್ಟರು, ನರ್ಸು, ಡಯಟಿಷಿಯನ್, ಫಾರ್ಮಸಿಸ್ಟ್ ಎಲ್ಲರೂ ಇದರಲ್ಲಿ ಸದಸ್ಯರು. ಅಧ್ಯಕ್ಷಗಿರಿ ಮಾತ್ರ ನಾನು ಬರುವವರೆಗೆ ಡಾಕ್ಟರುಗಳದ್ದೇ ಆಗಿತ್ತು.

ಡಯಟಿಷಿಯನ್ ಆದ ನನ್ನ ಹೆಸರನ್ನು ಸೂಚಿಸಿದವರು ಒಬ್ಬ ಹಿರಿಯ ಸರ್ಜನ್. ಮೊದಲ ಥ್ಯಾಂಕ್ಸ್ ಅವರಿಗೆ. ನಾನು ಹಿಂಜರಿದೆ. ಸ್ಟ್ಯಾನ್ಲಿ ಡಡ್ರಿಕ್ ಕಥೆ ನಮಗೆಲ್ಲ ಗೊತ್ತೇ ಇದೆ. 1960ರ ದಶಕದಲ್ಲಿ ಫಿಲಡೆಲ್ಫಿಯಾದಲ್ಲಿ ನಾಯಿಮರಿಗಳನ್ನು ಬರೀ ರಕ್ತನಾಳದ ಪೋಷಣೆಯ ಮೇಲೆ ಬೆಳೆಸಿ ತೋರಿಸಿದ ಸರ್ಜನ್ ಅವರು. ಮುಂದೆ ಅಮೆರಿಕದಲ್ಲಿ ಆಸ್ಪೆನ್ ಎಂಬ, ನಮ್ಮಂಥದ್ದೇ ಪೋಷಣಾ ಸಂಘ ಶುರುವಾದಾಗ ಮೊದಲ ಅಧ್ಯಕ್ಷರೂ ಅವರೇ. ಇಂಥ ಕುರ್ಚಿಗೆ ನಾನಾ ಎಂದೆ. ನಮ್ಮ ಸರ್ಜನ್ ನಕ್ಕರು. 'ಡಯಟಿಷಿಯನ್ನರು 1917ರಲ್ಲೇ ಕ್ಲೀವ್‌ಲ್ಯಾಂಡಿನಲ್ಲಿ ಸಂಘ ಕಟ್ಟಿಕೊಂಡಿದ್ದರು. ಲೂಲೂ ಗ್ರೇವ್ಸ್ ಅದರ ಮೊದಲ ಅಧ್ಯಕ್ಷೆ. ಆಗ ಡಡ್ರಿಕ್ ಇನ್ನೂ ಹುಟ್ಟೇ ಇರಲಿಲ್ಲ ಮೇಡಂ' ಎಂದರು. ಅಲ್ಲಿಗೆ ನನ್ನ ವಾದ ಮುಗಿಯಿತು.

ಅಧ್ಯಕ್ಷೆಯಾಗಿ ಮಾಡಿದ ಮೊದಲ ಭಾಷಣ ನೆನಪಾದರೆ ಈಗಲೂ ಮುಖ ಬಿಸಿಯಾಗುತ್ತದೆ. ಪೋಷಣೆಯ ಆರೈಕೆ ಮನುಷ್ಯನ ಹಕ್ಕು ಎಂದು 2022ರಲ್ಲಿ ವಿಯೆನ್ನಾದಲ್ಲಿ ಸಹಿಯಾದ ಘೋಷಣೆಯ ಬಗ್ಗೆ ಜೋರಾಗಿ ಮಾತಾಡಿದೆ. ದಾಖಲಾದ 24 ಗಂಟೆಯೊಳಗೆ ಪ್ರತಿ ರೋಗಿಯ ಪೋಷಣೆಯ ಸ್ಕ್ರೀನಿಂಗ್, ಅಂದರೆ ಅಪೌಷ್ಟಿಕತೆಯ ಅಪಾಯ ಇದೆಯೇ ಎಂಬ ಮೊದಲ ತಪಾಸಣೆ, ಆಗಲೇಬೇಕು ಎಂದೆ. ಚಪ್ಪಾಳೆ ಬಿತ್ತು. ಪ್ರಶ್ನೆಗಳ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬ ಸಿಸ್ಟರ್ ಎದ್ದರು. 'ಮೇಡಂ, ನಮ್ಮ ವಾರ್ಡಿನ ತೂಕದ ಯಂತ್ರ ಕೆಟ್ಟು ಎಂಟು ತಿಂಗಳಾಯ್ತು. ಅದು ಸರಿ ಇದ್ದಾಗಲೂ ಎದ್ದು ನಿಲ್ಲಲಾರದವರನ್ನು ಹೇಗೆ ತೂಗಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ. ಆ 24 ಗಂಟೆಯಲ್ಲಿ ನಾನು ಏನು ಮಾಡಲಿ?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಇದ್ದದ್ದು ಅವರ ಹತ್ತಿರವೇ. ಮುಂದಿನ ತಿಂಗಳು ಅವರನ್ನೇ ಕರೆಸಿ ತರಬೇತಿ ಮಾಡಿಸಿದೆವು. ಮೊಣಕೈಯಿಂದ ಮಣಿಕಟ್ಟಿನವರೆಗಿನ ಮೂಳೆ ಅಳೆದು ಎತ್ತರ ಅಂದಾಜು ಮಾಡುವುದು. ತೋಳಿನ ನಡುಭಾಗಕ್ಕೆ ಟೇಪ್ ಸುತ್ತುವುದು. ಅದು 23.5 ಸೆಂಟಿಮೀಟರ್‌ಗಿಂತ ಕಡಿಮೆ ಬಂದರೆ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, 20ರ ಕೆಳಗೆ ಇರುವ ಸಾಧ್ಯತೆ ಜಾಸ್ತಿ. ಆಮೇಲೆ ರೋಗಿಯ ಜೊತೆ ಇರುವವರನ್ನು 'ಬಟ್ಟೆ ಸಡಿಲ ಆಗಿದೆಯಾ?' ಎಂದು ಕೇಳುವುದು. ಈ ಕೊನೆಯ ಪ್ರಶ್ನೆಯನ್ನು ಸಿಸ್ಟರ್ ಎಷ್ಟು ಸಹಜವಾಗಿ ಕೇಳುತ್ತಿದ್ದರೆಂದರೆ, ನಾನು ಇಷ್ಟು ವರ್ಷ ಫಾರ್ಮ್ ಹಿಡಿದು ಕೇಳಿದ್ದೆಲ್ಲ ವಿಚಾರಣೆಯಂತೆ ಕಂಡಿತು. ಸಿಸ್ಟರ್, ಅವತ್ತು ನೀವು ಎದ್ದು ನಿಲ್ಲದೇ ಇದ್ದಿದ್ದರೆ ನಾನು ಮೂರು ವರ್ಷ ಬರೀ ಸುತ್ತೋಲೆ ಹೊರಡಿಸಿಕೊಂಡು ಕೂತಿರುತ್ತಿದ್ದೆ.

ಖಜಾಂಚಿಯವರಿಗೆ ಒಂದು ದೊಡ್ಡ ಥ್ಯಾಂಕ್ಸ್, ಜೊತೆಗೆ ಒಂದು ಕ್ಷಮೆ. ಟ್ಯೂಬಿನಲ್ಲಿ ಕೊಡುವ ಆಹಾರ ತಯಾರಿಸುವ ಒಂದು ಕಂಪನಿ ನಮ್ಮ ಸಮ್ಮೇಳನದ ಖರ್ಚೆಲ್ಲ ತಾನೇ ಕೊಡುತ್ತೇನೆಂದು ಮುಂದೆ ಬಂತು. ಮಾರ್ಗಸೂಚಿ ಸಮಿತಿಯಲ್ಲಿ ತಮ್ಮ ಒಬ್ಬರು 'ಸುಮ್ನೆ ಕೂತಿರುತ್ತಾರೆ' ಎಂಬ ಸಣ್ಣ ಕೋರಿಕೆಯೂ ಅದರ ಜೊತೆಗಿತ್ತು. ನಿಜ ಹೇಳುತ್ತೇನೆ, ನಾನು ಒಪ್ಪುವ ಅಂಚಿನಲ್ಲಿದ್ದೆ. ಸಂಘದ ಖಾತೆಯಲ್ಲಿ ಇದ್ದದ್ದೇ ಅಷ್ಟು. ಖಜಾಂಚಿ ಪೆನ್ನು ಕೆಳಗಿಟ್ಟು, 'ಸುಮ್ನೆ ಕೂರೋಕೆ ಯಾರೂ ಇಷ್ಟು ದುಡ್ಡು ಕೊಡಲ್ಲ ಮೇಡಂ' ಎಂದರು. ನಾನು ಅವರ ಮೇಲೆ ಒಂದು ವಾರ ಸಿಟ್ಟಾಗಿದ್ದೆ. ಸಮ್ಮೇಳನ ಚಿಕ್ಕದಾಯಿತು. ಚೀಲ, ಪೆನ್ನು, ದೊಡ್ಡ ವೇದಿಕೆ ಯಾವುದೂ ಇರಲಿಲ್ಲ. ಆದರೆ ಆ ವರ್ಷದ ಮಾರ್ಗಸೂಚಿಯ ಒಂದು ಸಾಲನ್ನೂ ನಾನು ಯಾರ ಮುಂದೆಯೂ ಸಮಜಾಯಿಷಿ ಕೊಟ್ಟು ಓದಬೇಕಾಗಿಲ್ಲ.

ರಾತ್ರಿ ಫೋನ್ ಎತ್ತುತ್ತಿದ್ದ ಫಾರ್ಮಸಿಸ್ಟ್ ಗೆಳೆಯರನ್ನೂ ಮರೆತಿಲ್ಲ. ಚಿಕ್ಕ ಆಸ್ಪತ್ರೆಗಳ ಸದಸ್ಯರು ಫೋನ್ ಮಾಡಿ ಸಲಹೆ ಕೇಳಲೆಂದು ಸಂಘ ಶುರು ಮಾಡಿದ ಸೇವೆ ಅದು. ಹತ್ತು ದಿನ ಏನೂ ತಿನ್ನದ ರೋಗಿಗೆ ಇವತ್ತೇ ಪೂರ್ತಿ ಪ್ರಮಾಣದಲ್ಲಿ ಆಹಾರ ಕೊಡೋಣವಾ ಎಂದು ಕೇಳಿದವರಿಗೆ ಒಬ್ಬರು ಹೇಳುತ್ತಿದ್ದದ್ದು ನನ್ನ ಕಿವಿಯಲ್ಲೇ ಇದೆ: 'ಅವಸರ ಬೇಡ. ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ನೋಡಿದಿರಾ? ಮೊದಲು ಥಯಾಮಿನ್ (ವಿಟಮಿನ್ ಬಿ1) ಕೊಡಿ. ಸ್ವಲ್ಪದಿಂದ ಶುರು ಮಾಡಿ, ನಾಳೆ ಬೆಳಿಗ್ಗೆ ಮತ್ತೆ ಫೋನ್ ಮಾಡಿ.' ಹಸಿದ ದೇಹಕ್ಕೆ ಒಮ್ಮೆಲೇ ಸುರಿದರೆ ರಕ್ತದ ಫಾಸ್ಫೇಟ್ ಕುಸಿದು ಜೀವಕ್ಕೇ ಅಪಾಯ ಬರಬಹುದು. ಇದನ್ನು ಬಲ್ಲ ಒಬ್ಬರು ರಾತ್ರಿ ಹನ್ನೊಂದಕ್ಕೂ ಬೇಸರಪಡದೆ ಹೇಳುವುದು ಸಣ್ಣ ಮಾತಲ್ಲ.

ಇನ್ನು ನನ್ನ ಕಾಯಿಲೆಯ ಕಥೆ. ಎರಡನೇ ವರ್ಷ ಪಿತ್ತಕೋಶದ ಆಪರೇಷನ್‌ಗೆ ದಾಖಲಾದೆ. ಯಾವ ಆಸ್ಪತ್ರೆ ಎನ್ನುವುದು ಬೇಡ. ಆಪರೇಷನ್ ಎರಡು ಸಲ ಮುಂದಕ್ಕೆ ಹೋಯಿತು. ಪ್ರತಿ ರಾತ್ರಿ ಹಾಸಿಗೆಯ ತಲೆದೆಸೆಗೆ 'ಬಾಯಿಗೆ ಏನೂ ಕೊಡಬೇಡಿ' ಎಂಬ ಚೀಟಿ ಬೀಳುತ್ತಿತ್ತು. ಮರುದಿನ ಸಂಜೆಯವರೆಗೆ ಅದನ್ನು ತೆಗೆಯುವವರು ಯಾರೂ ಇರಲಿಲ್ಲ. ನನ್ನಂಥ ಸಾಮಾನ್ಯ ರೋಗಿಗೆ ಅರಿವಳಿಕೆಗೆ 6 ಗಂಟೆ ಮೊದಲಿನವರೆಗೆ ಹಗುರ ಊಟ, 2 ಗಂಟೆ ಮೊದಲಿನವರೆಗೆ ನೀರು ಕೊಡಬಹುದು ಎಂದು ಎಷ್ಟು ತರಗತಿಗಳಲ್ಲಿ ಪಾಠ ಮಾಡಿದ್ದೇನೋ! ಅಂಥವಳು ತುಟಿ ಒಣಗಿಸಿಕೊಂಡು ಮಲಗಿದ್ದೆ, ಒಂದು ಮಾತೂ ಆಡಲಿಲ್ಲ. ಪಾಪ ಅವರಿಗೆ ಎಷ್ಟು ಕೆಲಸವೋ, ಕೇಳಿದರೆ ತೊಂದರೆ ಆಗುತ್ತದೆ ಎನಿಸಿತು. ಪೋಷಣೆಯ ಸಂಘದ ಅಧ್ಯಕ್ಷೆಗೇ ಒಂದು ಲೋಟ ನೀರು ಕೇಳಲು ಸಂಕೋಚ. ನಗಬಹುದು, ನಾನೂ ನಗುತ್ತೇನೆ, ಈಗ.

ಆಪರೇಷನ್ ಆದ ಮೇಲೆ ಸೋಂಕಾಯಿತು. 61 ಕೆಜಿ ಇದ್ದವಳು ಎರಡು ತಿಂಗಳಲ್ಲಿ 54ಕ್ಕೆ ಇಳಿದೆ. ಹಾಸಿಗೆಯಲ್ಲೇ ಲೆಕ್ಕ ಹಾಕಿದೆ. ನೂರಕ್ಕೆ 11ಕ್ಕೂ ಜಾಸ್ತಿ. ಜಗತ್ತಿನ ನಾಲ್ಕು ದೊಡ್ಡ ಪೋಷಣಾ ಸಂಘಗಳು ಕೂಡಿ ರೂಪಿಸಿದ ಗ್ಲಿಮ್ ಮಾನದಂಡದ ಪ್ರಕಾರ, ಆರು ತಿಂಗಳೊಳಗೆ ನೂರಕ್ಕೆ 10ಕ್ಕಿಂತ ಜಾಸ್ತಿ ಇಳಿದು, ಜೊತೆಗೆ ಉರಿಯೂತವೂ ಇದ್ದರೆ ಅದು ತೀವ್ರ ಅಪೌಷ್ಟಿಕತೆ. ನನ್ನ ಸ್ಲೈಡಿನೊಳಗೆ ನಾನೇ ಹೋಗಿ ಕೂತಿದ್ದೆ.

ನಾನು ಚೇತರಿಸಿಕೊಂಡು ವಾಪಸ್ ಬರುವವರೆಗಿನ ನಾಲ್ಕು ತಿಂಗಳು ಸಂಘ ನಡೆಸಿದವರು ನಮ್ಮ ಉಪಾಧ್ಯಕ್ಷರು. ಸಭೆಯ ನಡಾವಳಿ ಕಳಿಸಿ ಎಂದು ನಾನು ಫೋನ್ ಮಾಡಿದರೆ, 'ಇವತ್ತು ಹೊಟ್ಟೆಗೆ ಪ್ರೋಟೀನ್ ಎಷ್ಟು ಹೋಯಿತು? ಅದನ್ನು ಮೊದಲು ಹೇಳಿ, ಆಮೇಲೆ ನಡಾವಳಿ' ಎನ್ನುತ್ತಿದ್ದರು. ಲೆಕ್ಕ ಕಡಿಮೆ ಬಂದ ದಿನ ನಿಜಕ್ಕೂ ಕಳಿಸುತ್ತಿರಲಿಲ್ಲ. ಎಲ್ಲ ಕಡೆ ಅಧ್ಯಕ್ಷರ ಪರವಾಗಿ ಎಂದೇ ಸಹಿ ಹಾಕಿದರು. ನನ್ನ ಕುರ್ಚಿಯಲ್ಲಿ ಒಂದು ದಿನವೂ ಕೂರಲಿಲ್ಲವಂತೆ. ಇದನ್ನು ನನಗೆ ಹೇಳಿದ್ದು ಕಚೇರಿಯ ಹುಡುಗ, ಅವರಲ್ಲ.

ವಾಪಸ್ ಬಂದವಳೇ ಆಪರೇಷನ್ ಮುಂಚಿನ ಉಪವಾಸದ ಬಗ್ಗೆ ಒಂದು ಹೇಳಿಕೆ ಬರೆದೆ. ಅದರ ತುಂಬ ಬೆಂಕಿ. ಮಾರ್ಗಸೂಚಿ ಸಮಿತಿಯ ಮುಖ್ಯಸ್ಥರು ಅದನ್ನು ಎರಡು ಸಲ ಓದಿ, 'ನಿಮಗೆ ಆಗಿದ್ದು ನಿಜ ಮೇಡಂ. ಆದರೆ ಅದು ಒಬ್ಬರ ಕಥೆ. ಪುರಾವೆ ಹುಡುಕೋಣ' ಎಂದರು. ಅಧ್ಯಕ್ಷೆಯ ಕರಡನ್ನು ಏಳು ತಿಂಗಳು ತಡೆದು ಹಿಡಿಯಲು ಎಷ್ಟು ಧೈರ್ಯ ಬೇಕು ಅಲ್ವಾ? ಒಂದೊಂದು ವಾಕ್ಯಕ್ಕೂ ಮತ ಹಾಕಿಸಿದರು. ನನ್ನ ಸಿಟ್ಟಿನ ವಿಶೇಷಣಗಳೆಲ್ಲ ಹೋದವು. ಆಸ್ಪತ್ರೆಗಳ ಆಡಳಿತದವರನ್ನು ಒಪ್ಪಿಸಲು ಅವರು ಮುಂದಿಟ್ಟದ್ದು ನನ್ನ ಕಣ್ಣೀರನ್ನಲ್ಲ. 2019ರಲ್ಲಿ ಪ್ರಕಟವಾದ ಸ್ವಿಟ್ಜರ್ಲೆಂಡಿನ ಅಧ್ಯಯನ ತೋರಿಸಿದರು. ಅದು 8 ಆಸ್ಪತ್ರೆಗಳ 2,000ಕ್ಕೂ ಜಾಸ್ತಿ ರೋಗಿಗಳ ಮೇಲೆ ನಡೆದದ್ದು. ಮಾಮೂಲಿ ಊಟದ ಗುಂಪಿನಲ್ಲಿ 30 ದಿನದೊಳಗೆ ನೂರಕ್ಕೆ ಸುಮಾರು 10 ಜನ ತೀರಿಕೊಂಡರು. ಒಬ್ಬೊಬ್ಬರ ಅಗತ್ಯ ನೋಡಿ ಪೋಷಣೆ ಕೊಟ್ಟ ಗುಂಪಿನಲ್ಲಿ ಅದು ಸುಮಾರು 7. ಕೋಣೆ ನಿಶ್ಶಬ್ದವಾಯಿತು.

ಅಂತಿಮ ದಾಖಲೆಯಲ್ಲಿ ನನಗೆ ತುಂಬ ಇಷ್ಟವಾದ ಸಾಲು ಒಂದಿದೆ: ಆಪರೇಷನ್ ಮುಂದಕ್ಕೆ ಹೋದ ಕೂಡಲೇ ರೋಗಿಗೆ ತಿನ್ನಲು ಕೊಡಿಸುವ ಹೊಣೆ ಯಾರದು ಎಂದು ಪ್ರತಿ ಪಾಳಿಯಲ್ಲೂ ಹೆಸರು ಬರೆದಿಡಬೇಕು. ಇದನ್ನು ಹೇಳಿಕೊಟ್ಟವರು ಆಸ್ಪತ್ರೆಯ ಅಡುಗೆಮನೆಯ ಮೇಲ್ವಿಚಾರಕಿ ಒಬ್ಬರು. 'ನಮಗೆ ಯಾರೂ ಫೋನ್ ಮಾಡಲ್ಲಮ್ಮ, ತಟ್ಟೆ ರೆಡಿ ಇರುತ್ತೆ' ಎಂದಿದ್ದರು. ಅವರು ನಮ್ಮ ಸದಸ್ಯರೂ ಅಲ್ಲ. ಅಡುಗೆಮನೆಯವರಿಗೆ ಸದಸ್ಯತ್ವ ಕೊಡಲು ನಮ್ಮ ನಿಯಮದಲ್ಲಿ ಜಾಗವಿಲ್ಲ. ತಿದ್ದುಪಡಿಗೆ ನನ್ನ ಅವಧಿಯಲ್ಲಿ ಎರಡು ಸಲ ಪ್ರಯತ್ನಿಸಿ ಸೋತೆ. ಹೊಸ ಅಧ್ಯಕ್ಷರ ಫೈಲಿನಲ್ಲಿ ಮೊದಲ ಹಾಳೆ ಅದೇ.

ಮನೆಯವರಿಗೆ ಥ್ಯಾಂಕ್ಸ್ ಹೇಳಿದರೆ ಬೈಸಿಕೊಳ್ಳುತ್ತೇನೆ, ಬಿಟ್ಟಿದ್ದೇನೆ. ನನ್ನ ಪಾಲಿನ ಡ್ಯೂಟಿಯನ್ನು ಬಾಯಿ ಬಿಡದೆ ಹಂಚಿಕೊಂಡ ಡಯಟಿಷಿಯನ್ ಹುಡುಗಿಯರೇ, ನಿಮ್ಮ ರಜೆಗಳ ಲೆಕ್ಕ ನನ್ನ ಡೈರಿಯಲ್ಲಿದೆ. ಒಂದೊಂದಾಗಿ ತೀರಿಸುತ್ತೇನೆ.

ಮತ್ತೆ ಉಪಾಧ್ಯಕ್ಷರೇ, ಇವತ್ತು ಬೆಳಿಗ್ಗೆ ತೂಕ 58.4. ನೀವು ಕೇಳುವ ಮೊದಲೇ ಹೇಳಿದ್ದೇನೆ.