ಕೂಲಿಯ ಲೆಕ್ಕ ಬರೆಯುವ ಮಗಳಿಗೆ

ಬೆಟಗೇರಿ

ಪ್ರೀತಿಯ ಮಗಳೇ,

ಕರ್ತನಾದ ಯೇಸು ಕ್ರಿಸ್ತನ ನಾಮದಲ್ಲಿ ವಂದನೆಗಳು. ನಾವಿಲ್ಲಿ ಎಲ್ಲರೂ ಕ್ಷೇಮ. ಮಳೆ ಹಿಡಿದ ಮೇಲೆ ನಿನ್ನ ದೊಡ್ಡಮ್ಮನಿಗೆ ಮಂಡಿನೋವು ಜಾಸ್ತಿಯಾಗಿದೆ, ಆದರೂ ಭಾನುವಾರದ ಆರಾಧನೆ ತಪ್ಪಿಸಿಲ್ಲ.

‘ನಂಬಿಕೆ ಇದ್ದರೆ ಸಾಕೇ, ನಡತೆ ಹೇಗಿದ್ದರೂ ನಡೆಯುತ್ತದೆಯೇ?’ ಅಂತ ನೀನು ವಾಟ್ಸಾಪಿನಲ್ಲಿ ಕೇಳಿದ್ದಕ್ಕೆ ಅಲ್ಲೇ ಎರಡು ಸಾಲು ಬರೆದು ಮುಗಿಸಲು ಮನಸ್ಸಾಗಲಿಲ್ಲ, ಅದಕ್ಕೇ ಈ ಕಾಗದ. ನಿಮ್ಮ ಮಾಲೀಕರು ಪ್ರಾರ್ಥನೆ ಮಾಡದೆ ಆಫೀಸಿನ ಕೆಲಸ ಶುರು ಮಾಡುವುದಿಲ್ಲ. ಆದರೆ ಸೈಟಿನ ಕೆಲಸ ಬಿಟ್ಟು ಊರಿಗೆ ಹೊರಟವರಿಂದ ಖಾಲಿ ವೋಚರಿಗೆ ರೆವಿನ್ಯೂ ಸ್ಟಾಂಪು ಅಂಟಿಸಿ ಹೆಬ್ಬೆಟ್ಟು ಒತ್ತಿಸಿಕೊಂಡು, ಕೊನೆಯ ಹದಿನೈದು ದಿನದ ಕೂಲಿಗೆ ‘ಬಿಲ್ ಪಾಸಾಗಲಿ, ನೋಡೋಣ’ ಅನ್ನುತ್ತಾರೆ. ಆಮೇಲೆ ಆ ವೋಚರಿನಲ್ಲಿ ಮೊತ್ತ ತುಂಬುವವಳು ನೀನು. ಈ ಸಂಕಟವನ್ನು ಪ್ರಾರ್ಥನಾ ಕೂಟದ ಗೆಳತಿಗೆ ಹೇಳಿಕೊಂಡರೆ ಅವಳು, ‘ರಕ್ಷಣೆ ನಂಬಿಕೆಯಿಂದ, ಕ್ರಿಯೆಯಿಂದಲ್ಲ. ಅವರು ನಂಬಿದವರು. ನಡತೆ ಅಳೆಯೋಕೆ ನಾವ್ಯಾರು?’ ಅಂದಳಂತೆ.

ಅವಳ ಮಾತಿನ ಮೊದಲರ್ಧ ಸತ್ಯ. ಎಫೆಸದವರಿಗೆ ಪೌಲ ಬರೆದದ್ದೂ ಅದನ್ನೇ: ಕೃಪೆಯಿಂದ, ನಂಬಿಕೆಯ ಮೂಲಕ ರಕ್ಷಣೆ, ಅದು ದೇವರ ವರ, ಹೊಗಳಿಕೊಳ್ಳಲು ಯಾರಿಗೂ ಆಸ್ಪದವಿಲ್ಲ. ಎರಡನೆಯ ಅಧ್ಯಾಯದ ಎಂಟು, ಒಂಬತ್ತನೆಯ ವಚನಗಳನ್ನು ನಮ್ಮ ಸಂಡೇ ಸ್ಕೂಲಿನಲ್ಲಿ ಬಾಯಿಪಾಠ ಮಾಡಿಸುತ್ತಾರೆ, ಹತ್ತನೆಯದಕ್ಕೆ ಯಾಕೋ ಬರುವುದೇ ಇಲ್ಲ. ಸತ್ಕ್ರಿಯೆಗಳನ್ನು ಮಾಡುವುದಕ್ಕಾಗಿಯೇ ನಾವು ಕ್ರಿಸ್ತನಲ್ಲಿ ಹೊಸದಾಗಿ ಸೃಷ್ಟಿಯಾದವರು ಅಂತ ಅಲ್ಲಿದೆ. ‘ನಂಬಿಕೆಯೊಂದೇ’ ಎಂದು ಸಾರಿದ ಮಾರ್ಟಿನ್ ಲೂಥರನನ್ನೇ ನೋಡು. 1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದಾಗ ಅವನು, ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಅನ್ನುವ ಯಾಕೋಬನ ಪತ್ರಿಕೆಯನ್ನು ಹುಲ್ಲಿಗೆ ಸಮ ಅಂದುಬಿಟ್ಟ. ಆ ಮಾತು ನನಗೆ ಯಾವತ್ತೂ ಸರಿಬಂದಿಲ್ಲ. ಆದರೆ ಅದೇ ಪುಸ್ತಕದಲ್ಲಿ ರೋಮಾಪುರದವರ ಪತ್ರಿಕೆಗೆ ಬರೆದ ಮುನ್ನುಡಿಯಲ್ಲಿ ಅವನು ಹೇಳಿದ್ದೇನು? ಒಳ್ಳೆಯದನ್ನು ಮಾಡಬೇಕೋ ಬೇಡವೋ ಅಂತ ನಂಬಿಕೆ ಕೇಳುತ್ತಾ ಕೂರುವುದಿಲ್ಲ, ಕೇಳುವಷ್ಟರಲ್ಲಿ ಮಾಡಿ ಮುಗಿಸಿರುತ್ತದೆ. ಬೆಂಕಿಯಿಂದ ಬಿಸಿಯನ್ನೂ ಬೆಳಕನ್ನೂ ತೆಗೆದಿಡಲಾಗದ ಹಾಗೆ ನಂಬಿಕೆಯಿಂದ ಕ್ರಿಯೆಯನ್ನು ತೆಗೆದಿಡಲಾಗದು. ಯಾಕೋಬ ಹೇಳಿದ್ದೂ ಇಷ್ಟೇ ಅಲ್ಲವೇ?

ನಮ್ಮ ತೊಂದರೆ ಬೇರೆ ಕಡೆ ಇದೆ ಅಂತ ನನ್ನ ಅನಿಸಿಕೆ. ಪರಿಶುದ್ಧ ಜೀವಿತ ಅಂದ ಕೂಡಲೆ ನಮ್ಮವರಿಗೆ ನೆನಪಾಗುವುದು ಸಿನಿಮಾ, ಸಾರಾಯಿ, ಹೂವು, ಒಡವೆ. ಹೆಣ್ಣುಮಕ್ಕಳು ಬಳೆ ಹಾಕಬೇಕೋ ಬೇಡವೋ ಅಂತ ತಾಸುಗಟ್ಟಲೆ ವಾದ ಮಾಡಿದ ಹಿರಿಯರನ್ನು ನಾನು ಬಲ್ಲೆ. ಮನೆಗೆಲಸದವಳಿಗೆ ತಿಂಗಳಿಗೆ ಎಷ್ಟು ಕೊಡುತ್ತೀರಿ ಅಂತ ಒಬ್ಬರೂ ಒಬ್ಬರನ್ನು ಕೇಳಿದ್ದನ್ನು ನೋಡಿಲ್ಲ. ಮದುವೆ ಮಾತುಕತೆಯಲ್ಲಂತೂ, ದೀಕ್ಷಾಸ್ನಾನ ಆಗಿ ನಾಲ್ಕು ತಲೆಮಾರು ಕಳೆದವರೂ ‘ಮೊದಲು ಯಾವ ಮಂದಿ?’ ಅಂತ ಮೆಲ್ಲಗೆ ವಿಚಾರಿಸುತ್ತಾರೆ. ಜಾತಿ ಬಿಟ್ಟು ಬನ್ನಿ ಎಂದು ಪಟ್ಟು ಹಿಡಿದ ಬಾಸೆಲ್ ಮಿಶನ್ನಿನ ಸಭೆಗಳಲ್ಲಿ ಬೆಳೆದವರು ನಾವು! ಶರೀರದ ಶುದ್ಧತೆ, ಕುಡಿತದಿಂದ ದೂರವಿರುವುದು, ಇವೆಲ್ಲ ಬೇಕು, ಇಲ್ಲ ಅನ್ನುವುದಿಲ್ಲ. ಅಷ್ಟಕ್ಕೇ ನಿಂತುಬಿಟ್ಟದ್ದೇ ದುಃಖ.

ಹಳೆಯ ಒಡಂಬಡಿಕೆಯ ಯಾಜಕಕಾಂಡದ 19ನೆಯ ಅಧ್ಯಾಯವನ್ನು ಒಮ್ಮೆ ಪೂರ್ತಿ ಓದು. ‘ನಾನು ಪರಿಶುದ್ಧನಾಗಿರುವುದರಿಂದ ನೀವೂ ಪರಿಶುದ್ಧರಾಗಿರಬೇಕು’ ಅಂತ ದೇವರು ಅಲ್ಲಿ ಹೇಳುತ್ತಾನೆ. ಪೇತ್ರ ತನ್ನ ಮೊದಲ ಪತ್ರಿಕೆಯಲ್ಲಿ ಎತ್ತಿ ಹೇಳಿದ್ದು ಅದೇ ಮಾತನ್ನು. ಇಷ್ಟು ದೊಡ್ಡ ಮಾತಿನ ಬೆನ್ನಿಗೆ ಬರುವುದೆಲ್ಲ ನಿನ್ನಂಥ ಲೆಕ್ಕ ಬರೆಯುವವರಿಗೆ, ಅಂಗಡಿಯವರಿಗೆ, ಹೊಲದವರಿಗೆ ಹೇಳಿದ್ದು. ಹೊಲ ಕೊಯ್ಯುವಾಗ ಅಂಚಿನ ತೆನೆಯನ್ನು ಬಡವನಿಗೆ ಬಿಡು. ಕಿವುಡನನ್ನು ಬೈಯಬೇಡ, ಅವನಿಗೆ ಕೇಳಿಸುವುದಿಲ್ಲವೆಂದು. ಕುರುಡನ ದಾರಿಯಲ್ಲಿ ಕಲ್ಲಿಡಬೇಡ. ಚಾಡಿ ಹೇಳುತ್ತಾ ತಿರುಗಬೇಡ. ನ್ಯಾಯ ಹೇಳುವಾಗ ಬಡವನ ಕಡೆಗೂ ವಾಲಬೇಡ, ದೊಡ್ಡವನ ಮುಖವನ್ನೂ ನೋಡಬೇಡ. ನಿಮ್ಮಲ್ಲಿಗೆ ಬಂದ ಪರಊರಿನವನನ್ನು ನಿಮ್ಮಲ್ಲೇ ಹುಟ್ಟಿದವನಂತೆ ಕಾಣಿರಿ. ತಕ್ಕಡಿ ಸರಿಯಿರಲಿ, ತೂಕದ ಕಲ್ಲು ಸರಿಯಿರಲಿ. ಹದಿಮೂರನೆಯ ವಚನವನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡೆ: ಕೂಲಿಯವನ ಕೂಲಿ ರಾತ್ರಿಯೆಲ್ಲಾ ನಿನ್ನ ಬಳಿ ಇದ್ದು ಬೆಳಗಾಗಬಾರದು.

ಒಂದೇ ಒಂದು ರಾತ್ರಿ, ಮಗಳೇ. ಕೆಲಸದಿಂದ ತೆಗೆದವನ ಬಾಕಿಯನ್ನು ಚುಕ್ತಾ ಮಾಡಲು ನಮ್ಮ ದೇಶದ ಕಾನೂನು ಎರಡು ಕೆಲಸದ ದಿನ ಕೊಡುತ್ತದೆ, ಮೋಶೆಯ ಧರ್ಮಶಾಸ್ತ್ರ ಅಷ್ಟೂ ಕೊಡಲಿಲ್ಲ. ಧರ್ಮೋಪದೇಶಕಾಂಡದಲ್ಲಿ ಕಾರಣವನ್ನೂ ಹೇಳಿದೆ: ಅವನು ಬಡವ, ಆ ಕೂಲಿಯ ಮೇಲೇ ಆಸೆ ಇಟ್ಟುಕೊಂಡಿದ್ದಾನೆ. ಯಾದಗಿರಿಯಿಂದ ಬಂದು ತಗಡಿನ ಶೆಡ್ಡಿನಲ್ಲಿ ಮಕ್ಕಳನ್ನು ಮಲಗಿಸಿಕೊಂಡು ದುಡಿದವರು, ಮನೆಯಲ್ಲಿ ಯಾರೋ ಸತ್ತರೆಂದೋ ಬಿತ್ತನೆ ಬಂತೆಂದೋ ಊರಿಗೆ ಹೊರಡುತ್ತಾರೆ. ಹದಿನೈದು ದಿನದ ದುಡ್ಡಿಗಾಗಿ ಬಸ್ ಚಾರ್ಜು ಹಾಕಿಕೊಂಡು ಮತ್ತೆ ಬೆಂಗಳೂರಿಗೆ ಬರಲಾರರು. ಬರಲಾರರು ಅಂತ ಗೊತ್ತಿದ್ದೇ ಹಿಡಿದಿಟ್ಟುಕೊಳ್ಳುವುದು. ಕುರುಡನ ದಾರಿಯಲ್ಲಿ ಕಲ್ಲಿಡುವುದು ಅಂದರೆ ಇದೇ ಅಲ್ಲವೇ?

ಇದಕ್ಕೂ ನಂಬಿಕೆಗೂ ಏನು ಸಂಬಂಧ ಅಂತ ನಿನ್ನ ಗೆಳತಿ ಕೇಳಬಹುದು. ದೇವರು ಒಬ್ಬನೇ ಅಂತ ದೆವ್ವಗಳೂ ನಂಬಿ ನಡುಗುತ್ತವೆ ಅಂತ ಯಾಕೋಬ ಬರೆದಿದ್ದಾನೆ. ಕ್ರಿಸ್ತನನ್ನು ನಂಬುವುದೆಂದರೆ ನಮ್ಮ ನಾಳೆಯನ್ನು ಅವನ ಕೈಗೆ ಕೊಡುವುದು. ‘ನೀನೇ ನಮ್ಮನ್ನು ಪೋಷಿಸುವವನು’ ಅಂತ ಬೆಳಿಗ್ಗೆ ಕಣ್ಣು ಮುಚ್ಚಿ ಪ್ರಾರ್ಥಿಸಿದವರು, ಸಂಜೆ ಹೊತ್ತಿಗೆ ಬಡವನ ಕೂಲಿಯನ್ನು ಹಿಡಿದಿಟ್ಟುಕೊಂಡರಷ್ಟೇ ವ್ಯವಹಾರ ಉಳಿಯುತ್ತದೆ ಅಂತ ಲೆಕ್ಕ ಹಾಕಿದರೆ, ಅವರು ನೆಚ್ಚಿದ್ದು ಯಾರನ್ನು? ನಂಬಿಕೆ ಗಟ್ಟಿ ಇದೆ, ನಡತೆ ಮಾತ್ರ ಸ್ವಲ್ಪ ಸಡಿಲ ಅನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಆ ಖಾಲಿ ವೋಚರಿನಲ್ಲಿ ಕಾಣುವುದು ನಂಬಿಕೆಯ ಕೊರತೆಯೇ.

ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನ ಮನೆಯಲ್ಲಿ ನಡೆದದ್ದನ್ನು ನೆನಪಿಸಿಕೋ. ‘ಮೊದಲು ಸುಲಿದದ್ದನ್ನೆಲ್ಲ ಹಿಂದಕ್ಕೆ ಕೊಡು, ಆಮೇಲೆ ನಿನ್ನ ಮನೆಗೆ ಬರುತ್ತೇನೆ’ ಅಂತ ಯೇಸು ಅನ್ನಲಿಲ್ಲ. ಊರವರೆಲ್ಲ ಗೊಣಗುಟ್ಟಿದರೂ ನೆಟ್ಟಗೆ ಅವನ ಮನೆಗೆ ಹೋದ. ಕೃಪೆ ಮೊದಲು. ಆ ಕೃಪೆ ಒಳಗೆ ಬಂದ ಮೇಲೆ ಜಕ್ಕಾಯ ಸಾಕ್ಷಿ ಹೇಳಲಿಲ್ಲ, ಕೀರ್ತನೆ ಹಾಡಲಿಲ್ಲ, ಎದ್ದು ನಿಂತು ಲೆಕ್ಕದ ಮಾತಾಡಿದ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು. ತಪ್ಪನ್ನು ತಾನೇ ಒಪ್ಪಿಕೊಂಡವನಿಂದ ಧರ್ಮಶಾಸ್ತ್ರ ಕೇಳುತ್ತಿದ್ದದ್ದು ಅಸಲು, ಅದರ ಮೇಲೆ ಐದರಲ್ಲೊಂದು ಪಾಲು, ಅಷ್ಟೇ. ನಾಲ್ಕರಷ್ಟು ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಎಲ್ಲರಲ್ಲೂ ಅದು ಜಕ್ಕಾಯನಲ್ಲಿ ಆದಷ್ಟು ಬೇಗ ಆಗುವುದಿಲ್ಲ ಅನ್ನುವುದೂ ನಿನಗೆ ಗೊತ್ತಿರಲಿ. ಇಂಗ್ಲೆಂಡಿನ ಜಾನ್ ನ್ಯೂಟನ್ ಅನ್ನುವವನು 1748ರ ಮಾರ್ಚಿನಲ್ಲಿ ಅಟ್ಲಾಂಟಿಕ್ ಸಮುದ್ರದ ಬಿರುಗಾಳಿಗೆ ಸಿಕ್ಕಿ, ಹಡಗಿಗೆ ನೀರು ನುಗ್ಗಿದಾಗ ದೇವರಿಗೆ ಮೊರೆಯಿಟ್ಟ. ಅಂದೇ ತನ್ನ ಮನಸ್ಸು ತಿರುಗಿತು ಅಂತ ಕೊನೆಯವರೆಗೂ ಆ ದಿನವನ್ನು ನೆನೆಯುತ್ತಿದ್ದ. ಆದರೆ ಆಮೇಲೆ ಮಾಡಿದ್ದೇನು? ಗುಲಾಮರನ್ನು ಸಾಗಿಸುವ ಹಡಗುಗಳಿಗೆ ಕಪ್ತಾನನಾದ. ಭಾನುವಾರ ಮೇಲಟ್ಟದಲ್ಲಿ ಖಲಾಸಿಗಳನ್ನು ಸೇರಿಸಿ ಆರಾಧನೆ ನಡೆಸುತ್ತಿದ್ದ. ಕೆಳಗೆ ಕತ್ತಲಲ್ಲಿ ಆಫ್ರಿಕಾದ ಜನ ಸರಪಳಿಯಲ್ಲಿ ಬಿದ್ದಿರುತ್ತಿದ್ದರು. 1754ರಲ್ಲಿ ಸಮುದ್ರಯಾನ ಬಿಟ್ಟದ್ದೂ ಮನಸ್ಸಾಕ್ಷಿ ಚುಚ್ಚಿ ಅಲ್ಲ, ಕಾಯಿಲೆ ಬಿದ್ದು. 1764ರಲ್ಲಿ ಸಭಾಪಾಲಕನಾದ, ಇವತ್ತಿಗೂ ಲೋಕದ ತುಂಬ ಹಾಡುವ ಕೀರ್ತನೆ ಬರೆದ. ಆ ವ್ಯಾಪಾರದ ವಿರುದ್ಧ ಬಾಯಿಬಿಟ್ಟು ಪುಸ್ತಕ ಪ್ರಕಟಿಸಿದ್ದು 1788ರಲ್ಲಿ. ಮನಸ್ಸು ತಿರುಗಿ ನಲವತ್ತು ವರ್ಷ! ಬರೆದಾಗ ಮಾತ್ರ ಏನನ್ನೂ ಮುಚ್ಚಿಡಲಿಲ್ಲ, ತಾನು ಕಣ್ಣಾರೆ ಕಂಡದ್ದನ್ನೂ ತಾನೇ ಅದರಲ್ಲಿ ಕೈಯಾಡಿಸಿದ್ದನ್ನೂ ನಾಚಿಕೆಯಿಂದ ಹೇಳಿಕೊಂಡ. ಪಾರ್ಲಿಮೆಂಟಿನವರ ಮುಂದೆ ಸಾಕ್ಷಿ ಹೇಳಿದ. 1807ರಲ್ಲಿ ಆ ವ್ಯಾಪಾರವನ್ನು ನಿಷೇಧಿಸುವ ಕಾಯಿದೆ ಬಂತು, ಅದೇ ವರ್ಷ ತೀರಿಕೊಂಡ. ಬಿರುಗಾಳಿಯ ಆ ದಿನಗಳಲ್ಲಿ ತಾನು ಪೂರ್ಣ ಅರ್ಥದಲ್ಲಿ ವಿಶ್ವಾಸಿಯಾಗಿರಲಿಲ್ಲ ಎಂದು ಅವನೇ ಬರೆದುಕೊಂಡಿದ್ದಾನೆ.

ನ್ಯೂಟನನನ್ನು ನೆನೆದಾಗಲೆಲ್ಲ ನಿಮ್ಮ ಮಾಲೀಕರಂಥವರ ಮೇಲೆ ಆಸೆ ಬಿಡಲು ನನಗೆ ಮನಸ್ಸಾಗುವುದಿಲ್ಲ. ಹಾಗಂತ ‘ನಿಧಾನವಾಗಿ ಬದಲಾಗುತ್ತಾರೆ ಬಿಡು’ ಅಂತ ಸುಮ್ಮನಿರಲೂ ಆಗುವುದಿಲ್ಲ, ಆ ನಲವತ್ತು ವರ್ಷದ ಬೆಲೆ ತೆತ್ತವರು ಕೆಳಗೆ ಸರಪಳಿಯಲ್ಲಿದ್ದವರು ಅಂತ ನೆನಪಾದರೆ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ಅವರ ನಂಬಿಕೆ ನಿಜವೋ ಸುಳ್ಳೋ ಅಂತ ತೀರ್ಪು ಕೊಡುವ ಕೆಲಸ ನಿನ್ನದಲ್ಲ, ದೇವರದು. ಪೆನ್ನು ಮಾತ್ರ ನಿನ್ನ ಕೈಯಲ್ಲಿದೆ. ಇನ್ನು ಮೇಲೆ ಖಾಲಿ ವೋಚರಿನಲ್ಲಿ ಮೊತ್ತ ತುಂಬಬೇಡ. ದುಡ್ಡು ಎಣಿಸಿ ಕೈಗೆ ಕೊಟ್ಟು, ಬರೆದದ್ದನ್ನು ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದಾದರೆ ಮಾತ್ರ ಬರೆಯುತ್ತೇನೆ ಅಂತ ಮಾಲೀಕರಿಗೆ ಹೇಳು. ಅವರೊಬ್ಬರೇ ಇರುವಾಗ ಹೇಳು, ಮತ್ತಾಯನ 18ರಲ್ಲಿ ಕರ್ತನು ಹೇಳಿದ ಕ್ರಮ ಅದೇ. ವಯಸ್ಸಿನಲ್ಲಿ ಹಿರಿಯರು, ಮಾತಿನಲ್ಲಿ ಮರ್ಯಾದೆ ಇರಲಿ. ಇದನ್ನು ಕೂಟದಲ್ಲಿ ‘ಪ್ರಾರ್ಥನಾ ವಿಷಯ’ ಅಂತ ಎತ್ತಬೇಡ. ಆ ಹೆಸರಿನಲ್ಲಿ ನಮ್ಮ ಸಭೆಗಳಲ್ಲಿ ನಡೆಯುವಷ್ಟು ಚಾಡಿ ಸಂತೆಯಲ್ಲೂ ನಡೆಯಲಿಕ್ಕಿಲ್ಲ. ಈವರೆಗೆ ಯಾರ್ಯಾರ ಬಾಕಿ ಉಳಿದಿದೆ ಅನ್ನುವುದು ನಿನಗೆ ಗೊತ್ತಿರುತ್ತದೆ. ಹೆಸರು, ದಿನ, ಮೊತ್ತ ಬರೆದು ಒಂದು ಪಟ್ಟಿ ಮಾಡಿ ಅವರ ಮುಂದಿಡು. ಮೇಸ್ತ್ರಿಗಳ ಹತ್ತಿರ ಫೋನ್ ನಂಬರ್ ಸಿಗುತ್ತದೆ, ಈಗೆಲ್ಲ ಮೊಬೈಲಿನಲ್ಲೇ ದುಡ್ಡು ಕಳಿಸಬಹುದು.

ಜೊತೆಗೆ ನಿನ್ನ ಪಿ.ಜಿ.ಯಲ್ಲಿ ಕಸ ಗುಡಿಸಲು ಬರುವ ಆ ಹೆಂಗಸಿನ ಹೆಸರೇನು ಅಂತ ಕೇಳಿ ತಿಳಿದುಕೋ. ಕಳೆದ ಸಲ ಬಂದಾಗ ನೀನು ಅವಳನ್ನು ‘ಅದು’ ಅಂದದ್ದು ನನ್ನ ಕಿವಿಗೆ ಬಿತ್ತು.

ಕೆಲಸ ಹೋದೀತೆಂಬ ಹೆದರಿಕೆ ಇರುತ್ತದೆ, ನಾನು ಬಲ್ಲೆ. ನಿಮ್ಮಪ್ಪನ ಮನೆ ಸಾಲದ ಕಂತು ಇನ್ನೂ ಇದೆ. ಹಾಗೇನಾದರೂ ಆದರೆ ಅವನ ಜೊತೆ ನಾನು ಮಾತಾಡುತ್ತೇನೆ, ನನ್ನ ಪೆನ್ಶನ್ನಿನಲ್ಲಿ ನಾಲ್ಕಾರು ತಿಂಗಳ ಕಂತು ಕಟ್ಟಲು ತೊಂದರೆಯಿಲ್ಲ. ಮಾಲೀಕರು ಏನಂದರು ಅಂತ ಫೋನ್ ಮಾಡು, ರಾತ್ರಿ ಎಂಟರ ಮೇಲೆ ಮಾಡಿದರೆ ನಾನು ಮನೆಯಲ್ಲೇ ಇರುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ