ನಾಲ್ಕು ಗಾಲಿ ಎಳೆದರೆ ಸಾಕೇನಪ್ಪಾ?

ಗೋಕುಲ ರಸ್ತೆ, ಹುಬ್ಬಳ್ಳಿ

ಚಿ. ಸಂತೋಷನಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಆರಾಮ. ಮಳೆ ಹಿಡಿದಿದೆ, ಅಂಗಡಿಯಲ್ಲಿ ಕೆಲಸ ಜಾಸ್ತಿ. ರಸ್ತೆ ಕೆಟ್ಟಷ್ಟೂ ಟಯರ್ ಅಂಗಡಿಯವನಿಗೆ ಚಲೋ. ಹೇಳಿಕೊಳ್ಳುವ ಮಾತಲ್ಲ, ಬಿಡು.

ಮೊನ್ನೆ ನೀನು ಫೋನ್ ಮಾಡಿದಾಗ ಕಂಪ್ರೆಸರ್ ಸದ್ದಿನಲ್ಲಿ ಅರ್ಧ ಮಾತು ಕೇಳಿಸಲಿಲ್ಲ. ಕೇಳಿಸಿದ್ದು ಇಷ್ಟು: ನಿನ್ನ ಬಿಎಂಡಬ್ಲ್ಯು ಜಿಟಿ ಮಾರುತ್ತೀ, ಅದೇ ಕಂಪನಿಯ ಎಂ340ಐ ಸೆಡಾನ್ ತಗೊಳ್ಳುತ್ತೀ, ಅಪ್ಪನಿಗೆ ಇನ್ನೂ ಹೇಳಿಲ್ಲ. ಆಮೇಲೆ ಏಳು ವಿಡಿಯೊ ಕಳಿಸಿದಿ. ಎರಡು ನೋಡಿದೆ. ಎರಡರಲ್ಲೂ ಹುಡುಗರು ಖಾಲಿ ರಸ್ತೆಯಲ್ಲಿ ಆಕ್ಸಿಲರೇಟರ್ ತುಳಿದು ನಗುತ್ತಾರೆ. ಒಬ್ಬನೂ ಹಿಂದಿನ ಸೀಟಿನಲ್ಲಿ ಕೂತು ತೋರಿಸಲಿಲ್ಲ. ಅದಕ್ಕೇ ಪತ್ರ ಬರೆಯುತ್ತಿದ್ದೇನೆ. ಪತ್ರವಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ.

ಮುದುಕ ಬೇಡ ಅನ್ನುತ್ತಾನೆ ಅಂತ ತಿಳಿಯಬೇಡ. ಆ ಎಂಜಿನ್ ಬಗ್ಗೆ ನನಗೂ ಆಸೆ ಇದೆ. 2998 ಸಿಸಿ, ಆರು ಸಿಲಿಂಡರ್, ಆರೂ ಒಂದೇ ಸಾಲಿನಲ್ಲಿ. ಹಾಗೆ ಸಾಲಾಗಿ ಇಟ್ಟರೆ ಒಂದು ಪಿಸ್ಟನ್ನಿನ ಒದೆತವನ್ನು ಇನ್ನೊಂದು ಹೊಡೆದು ಹಾಕುತ್ತದೆ. ಚಲೋ ತಿರುಗುವ ಬುಗುರಿ ನಿಂತ ಹಾಗೇ ಕಾಣುತ್ತದೆ ಅಲ್ವಾ, ಹಾಗೆ. ನಿನ್ನ 320ಡಿ ಜಿಟಿಯದು 190 ಹಾರ್ಸ್‌ಪವರ್. ಇದು 2021ರಲ್ಲಿ ನಮ್ಮ ದೇಶಕ್ಕೆ ಬಂದಾಗ 387. ಸೊನ್ನೆಯಿಂದ ನೂರಕ್ಕೆ 4.4 ಸೆಕೆಂಡು ಅಂತ ಕಂಪನಿಯವರೇ ಹೇಳಿದ್ದರು. ಆ 4.4 ಸೆಕೆಂಡನ್ನು ನೀನು ಹುಬ್ಬಳ್ಳಿಯಲ್ಲಿ ಎಲ್ಲಿ ಖರ್ಚು ಮಾಡುತ್ತೀ ಅನ್ನೋದು ಬೇರೆ ಮಾತು. ಉಣಕಲ್ ದಾಟುವುದರೊಳಗೆ ಮೂರು ಸಿಗ್ನಲ್ ಬರುತ್ತವೆ, ಪಕ್ಕದಲ್ಲಿ ತನಗೇ ಮೀಸಲಾದ ಲೇನಿನಲ್ಲಿ ಚಿಗರಿ ಬಸ್ಸು ನಿನ್ನನ್ನು ಹಿಂದೆ ಹಾಕಿ ಹೋಗುತ್ತದೆ.

ನೀನು ಅಂದ ಒಂದು ಮಾತು ಮಾತ್ರ ತಲೆಯಲ್ಲಿ ಕೂತುಬಿಟ್ಟಿದೆ. ‘ಆಲ್-ವೀಲ್ ಡ್ರೈವ್ ಇದೆ ಕಾಕಾ, ಎಂಜಿನ್ ನಾಲ್ಕೂ ಗಾಲಿ ಎಳೆಯುತ್ತದೆ, ಇನ್ನು ಮಳೆಗಾಲದ ಚಿಂತೆ ಇಲ್ಲ’ ಅಂದಿ. ಇದೇ ಮಾತನ್ನು ನಾನೂ ಒಂದು ಸಲ ಅಂದಿದ್ದೆ. ನೀನು ಆಗ ಹುಟ್ಟಿರಲಿಲ್ಲ, ಅದಕ್ಕೇ ನಿನಗೆ ಗೊತ್ತಿಲ್ಲ. ನಿನ್ನ ಅಪ್ಪನಿಗೆ ಗೊತ್ತು, ಆದರೆ ಅಣ್ಣ ನನ್ನ ಮರ್ಯಾದೆ ಉಳಿಸಿದ್ದಾನೆ.

ಆಗ ನನ್ನ ಹತ್ತಿರ ಒಂದು ಹಳೆಯ ಜೀಪು ಇತ್ತು. ಗೇರ್ ಪಕ್ಕದಲ್ಲಿ ಇನ್ನೊಂದು ಸಣ್ಣ ಲಿವರ್. ಅದನ್ನು ಎಳೆದರೆ ಮುಂದಿನ ಗಾಲಿಗಳೂ ಎಳೆಯುತ್ತಿದ್ದವು. ಆಷಾಢದಲ್ಲಿ ನವಲಗುಂದಕ್ಕೆ ಹೊರಟಿದ್ದೆ. ಆ ಕಡೆಯದು ಎರೆ ಭೂಮಿ, ನಿನಗೆ ಹೇಳಬೇಕಾಗಿಲ್ಲ. ಮಳೆ ಬಂದಾಗ ಹೊಲದೊಳಗೆ ಹತ್ತು ಹೆಜ್ಜೆ ನಡೆದರೆ ಒಂದೊಂದು ಚಪ್ಪಲಿಗೆ ಎರಡೆರಡು ಕಿಲೋ ಮಣ್ಣು. ಅದೇ ಮಣ್ಣನ್ನು ಟ್ರ್ಯಾಕ್ಟರುಗಳು ಹೊಲದಿಂದ ಡಾಂಬರಿನ ಮೇಲೆ ತಂದು ಬಿಟ್ಟಿದ್ದವು. ರಸ್ತೆಗೆ ಬೆಣ್ಣೆ ಸವರಿದ ಹಾಗೆ. ಒಂದು ಟೆಂಪೋ ಹಿಂದಿನ ಗಾಲಿ ಗರಗರ ತಿರುಗಿಸುತ್ತಾ ನಿಂತಿತ್ತು. ನಾನು ಲಿವರ್ ಎಳೆದೆ, ಅದರ ಪಕ್ಕದಿಂದ ಸಲೀಸಾಗಿ ಹೋದೆ. ಟೆಂಪೋದವನ ಕಡೆ ನೋಡಿ ಮೀಸೆ ತಿರುವಿದ್ದೂ ನೆನಪಿದೆ.

ಅಲ್ಲಿಂದ ಒಂದು ಫರ್ಲಾಂಗ್ ಹೋಗಿಲ್ಲ, ತಿರುವಿನಲ್ಲಿ ಕುರಿ ಹಿಂಡು. ಬ್ರೇಕ್ ಒತ್ತಿದೆ, ಸ್ಟೇರಿಂಗ್ ಪೂರಾ ಬಲಕ್ಕೆ ತಿರುಗಿಸಿದೆ. ಜೀಪು ನೆಟ್ಟಗೆ ಹೋಯಿತು. ಗಾಲಿ ಬಲಕ್ಕೆ ನೋಡುತ್ತಿವೆ, ಗಾಡಿ ಮುಂದಕ್ಕೆ ಜಾರುತ್ತಿದೆ, ಒಳಗೆ ಕೂತ ನನಗೆ ಏನೂ ಕೆಲಸವಿಲ್ಲ. ರಸ್ತೆ ಇಳಿದು ಹೆಸರುಕಾಳಿನ ಹೊಲದೊಳಗೆ ಹೋಗಿ ನಿಂತಿತು. ಕುರಿಗೂ ಏನೂ ಆಗಲಿಲ್ಲ, ನನಗೂ ಆಗಲಿಲ್ಲ. ಹೊಲದವನು ಎರಡು ಜೋಡಿ ಎತ್ತು ತಂದು ಕಟ್ಟಿದ. ಕಟ್ಟುತ್ತಾ ಒಂದೇ ಮಾತು ಕೇಳಿದ: ‘ನಾಕೂ ಗಾಲಿ ಎಳೆಯೂ ಗಾಡಿ ಅಲ್ಲೇನ್ರಿ ಇದು?’

ಆವತ್ತು ತಿಳಿದದ್ದು ಇಷ್ಟು. ನಾಲ್ಕು ಗಾಲಿಯ ಎಳೆತ ಹೊರಡುವುದಕ್ಕೆ, ಏರುವುದಕ್ಕೆ, ತಿರುವಿನಿಂದ ಹೊರಗೆ ಬರುವಾಗ ಆಕ್ಸಿಲರೇಟರ್ ಕೊಡುವುದಕ್ಕೆ. ನಿಲ್ಲುವುದಕ್ಕೆ ಅದು ಏನೂ ಮಾಡುವುದಿಲ್ಲ. ಬ್ರೇಕು ಎಲ್ಲಾ ಕಾರಿಗೂ ನಾಲ್ಕು ಗಾಲಿಗೇ ಇದೆ ತಮ್ಮಾ. ನಿನ್ನ ಜಿಟಿಗೂ ಇದೆ, ನಮ್ಮ ಅಪ್ಪನ ಹಳೆ ಅಂಬಾಸಿಡರ್‌ಗೂ ಇತ್ತು. ಅದರಲ್ಲೂ ಒಂದು ಮೋಸ ಇದೆ. ಹಿಂದಿನ ಗಾಲಿ ಎಳೆಯುವ ಕಾರು ರಸ್ತೆ ಜಾರುತ್ತಿದ್ದರೆ ಹೊರಡುವಾಗಲೇ ಸ್ವಲ್ಪ ಬಾಲ ಆಡಿಸಿ ಹೇಳಿಬಿಡುತ್ತದೆ, ನೀನು ಹುಷಾರಾಗುತ್ತೀ. ನಾಲ್ಕೂ ಎಳೆಯುವ ಕಾರು ಆ ಸುದ್ದಿ ಕೊಡದೆ ನಿನ್ನನ್ನು ನೂರರವರೆಗೆ ಒಯ್ಯುತ್ತದೆ. 80ರಲ್ಲಿ ಬ್ರೇಕ್ ಒತ್ತಿದಾಗ ಬೇಕಾಗುವ ಜಾಗಕ್ಕೆ ಹೋಲಿಸಿದರೆ 100ರಲ್ಲಿ ಒಂದೂವರೆ ಪಟ್ಟು ಜಾಗ ಬೇಕು. ಆ ಜಾಗ ನಮ್ಮ ರಸ್ತೆಯಲ್ಲಿ ಯಾರು ಖಾಲಿ ಬಿಟ್ಟಿದ್ದಾರೆ? ಎರಡೇ ಲೇನಿನ ಬೈಪಾಸ್ ಇದ್ದ ಕಾಲದಲ್ಲಿ ಎಷ್ಟು ಮನೆ ಹಾಳಾದವು ಅಂತ ನೀನೂ ನೋಡಿದ್ದೀ.

ಇದನ್ನು ತಿಳಿದವರು ಮೊದಲೇ ಇದ್ದರು. 1966ರಲ್ಲಿ ಇಂಗ್ಲೆಂಡಿನಲ್ಲಿ ಜೆನ್ಸನ್ ಎಫ್‌ಎಫ್ ಅಂತ ಒಂದು ಕಾರು ಬಂತು. ಮಣ್ಣುದಾರಿಗೆ ಮಾಡಿದ ಜೀಪು-ಗೀಪು ಅಲ್ಲ, ಪಕ್ಕಾ ಗ್ರ್ಯಾಂಡ್ ಟೂರರ್, ಅಂದರೆ ದೂರದ ಪ್ರಯಾಣಕ್ಕೆ ಮಾಡಿದ ಜಿಟಿ ಕಾರು. ರಸ್ತೆಯ ಕಾರಿಗೆ ನಾಲ್ಕೂ ಗಾಲಿಯ ಎಳೆತ ಕೊಟ್ಟು ಮಾರಾಟಕ್ಕೆ ತಂದವರಲ್ಲಿ ಅವರೇ ಮೊದಲಿಗರು. ನಾಲ್ಕೂ ಗಾಲಿ ಎಳೆಯುವ ಆಡಿ ಕಂಪನಿಯ ಕ್ವಾಟ್ರೊ ಕಾರು ಜಿನೀವಾ ಪ್ರದರ್ಶನದಲ್ಲಿ ಮುಖ ತೋರಿಸಿದ್ದು 1980ರಲ್ಲಿ, ಅಂದರೆ ಹದಿನಾಲ್ಕು ವರ್ಷ ತಡ. ಹೆಸರು ಮಾತ್ರ ಆಡಿಗೆ ಬಂತು. ಜೆನ್ಸನ್ ಎಲ್ಲಾ ಸೇರಿ 320 ಕಾರು ಮಾಡಿ ನಿಲ್ಲಿಸಿತು. ನನಗೆ ಅದರಲ್ಲಿ ಹಿಡಿಸಿದ್ದು ಏನು ಅಂದರೆ, ಅವರು ಬರೀ ಎಳೆತ ಕೊಟ್ಟು ಸುಮ್ಮನಾಗಲಿಲ್ಲ. ವಿಮಾನಕ್ಕೆ ಹಾಕುತ್ತಿದ್ದ ಮ್ಯಾಕ್ಸರೆಟ್ ಅನ್ನೋ, ಗಾಲಿ ಸಿಕ್ಕಿಕೊಂಡು ಜಾರದ ಹಾಗೆ ನೋಡಿಕೊಳ್ಳುವ ಆಂಟಿ-ಲಾಕ್ ಬ್ರೇಕನ್ನೂ ಅದೇ ಕಾರಿಗೆ ಹಾಕಿದರು. ಎಳೆಯುವ ಕೈಗೆ ಹಿಡಿಯುವ ಕೈಯೂ ಬೇಕು ಅಂತ ಅವರಿಗೆ ಗೊತ್ತಿತ್ತು. ಇನ್ನೊಂದು, ಜಿಟಿ ಅಂದರೆ ಮುದುಕರ ಕಾರು, ನಾಲ್ಕೂ ಗಾಲಿ ಎಳೆಯುವುದು ಹುಡುಗರ ಕಾರು ಅಂತ ನೀನು ಗೆರೆ ಎಳೆದಿದ್ದೀಯಲ್ಲ, ಆ ಗೆರೆಯೂ ಅಲ್ಲಿಗೇ ಅಳಿಸಿ ಹೋಯಿತು.

ನೀವು ಗೋಕರ್ಣಕ್ಕೆ ಹೋಗುವಾಗ ಯಲ್ಲಾಪುರ ದಾಟಿದ ಮೇಲೆ ಅರಬೈಲ್ ಘಟ್ಟ ಬರುತ್ತದೆ. ಇಳಿಜಾರು, ಮಳೆ, ಮುಂದೆ ಟ್ಯಾಂಕರು. ಇಳಿಯುವಾಗ ಎಂಜಿನ್ ಎಳೆಯುತ್ತಲೇ ಇರುವುದಿಲ್ಲ, ಆಮೇಲೆ ಎರಡು ಗಾಲಿ ಎಳೆದರೇನು, ನಾಲ್ಕು ಎಳೆದರೇನು? ಅಲ್ಲಿ ನಿನ್ನನ್ನು ಕಾಯುವುದು ಸಣ್ಣ ಗೇರು, ಬ್ರೇಕು, ಮತ್ತೆ ರಸ್ತೆಗೆ ತಾಗಿಕೊಂಡ ಅಂಗೈ ಅಗಲದ ನಾಲ್ಕು ರಬ್ಬರ್ ತುಂಡು.

ಈಗ ನನ್ನ ಕಸುಬಿಗೆ ಬಂದೆ, ಸ್ವಲ್ಪ ಉದ್ದ ಬರೆಯುತ್ತೇನೆ. ಓದು.

ನನ್ನ ಜೀಪಿನ ಲಿವರ್ ಹಾಗಲ್ಲ ಈ ಎಕ್ಸ್‌ಡ್ರೈವ್, ಅಂದರೆ ಎಂ340ಐಯ ನಾಲ್ಕು ಗಾಲಿ ಎಳೆತದ ವ್ಯವಸ್ಥೆ. ಎಂಜಿನ್ನಿನ ಬಲ ಮೊದಲು ಹಿಂದಿನ ಗಾಲಿಗೆ. ಗೇರ್‌ಬಾಕ್ಸ್ ಹಿಂದೆ ಟ್ರಾನ್ಸ್‌ಫರ್ ಕೇಸ್ ಅಂತ ಒಂದು ಡಬ್ಬಿ, ಅದರೊಳಗೆ ಕ್ಲಚ್ ಪ್ಲೇಟುಗಳ ಅಟ್ಟಿ. ಹಿಂದಿನ ಗಾಲಿ ಜಾರುವ ಹಾಗೆ ಕಂಡರೆ ಕಂಪ್ಯೂಟರು ಆ ಪ್ಲೇಟುಗಳನ್ನು ಒತ್ತುತ್ತದೆ, ಬಲದ ಒಂದು ಪಾಲು ಮುಂದಿನ ಗಾಲಿಗೆ ಹೋಗುತ್ತದೆ. ಚಂದದ ಕೆಲಸ. ಆದರೆ ಅದು ನಂಬಿಕೊಂಡಿರುವುದು ಒಂದೇ ಮಾತನ್ನು: ಗಾಲಿಗಳು ಅವರು ಹೇಳಿದ ಅಳತೆಯಲ್ಲೇ ಇವೆ ಅಂತ.

ಹೋದ ವಾರ ಒಬ್ಬರು ನಾಲ್ಕೂ ಗಾಲಿ ಎಳೆಯುವ ಕಾರು ತಂದಿದ್ದರು. ಎಡಗಡೆ ಮುಂದಿನ ಟಯರ್ ಪಕ್ಕದಲ್ಲಿ ಗುಳ್ಳೆ ಎದ್ದಿತ್ತು, ನಿಂಬೆಕಾಯಿ ಗಾತ್ರ. ಗುಂಡಿಯ ಅಂಚಿಗೆ ಹೊಡೆದಾಗ ರಿಮ್ಮಿಗೂ ಕಲ್ಲಿಗೂ ನಡುವೆ ರಬ್ಬರ್ ಚಪ್ಪಟೆಯಾಗಿ ಒಳಗಿನ ದಾರ ಹರಿಯುತ್ತದೆ, ಹರಿದ ಕಡೆ ಗಾಳಿ ಉಬ್ಬಿ ಬರುತ್ತದೆ. ಬೆರಳು ಇಟ್ಟರೆ ಬಿಸಿ ರೊಟ್ಟಿ ಉಬ್ಬಿದ ಹಾಗೆ ಮೆತ್ತಗೆ. ಅದಕ್ಕೆ ಪಂಚರ್ ಹಾಕಲು ಬರುವುದಿಲ್ಲ, ಬಿಸಾಡಬೇಕು. ಅವರು ಒಂದೇ ಟಯರ್ ಹಾಕಿ ಅಂದರು. ಉಳಿದ ಮೂರನ್ನು ಅಳೆದೆ. ಹೊಸದಕ್ಕೆ ಹೋಲಿಸಿದರೆ 3 ಮಿಲಿಮೀಟರ್ ಸವೆದಿದ್ದವು. ನಾನು ಹಾಕಲಿಲ್ಲ, ಅವರು ಸಿಟ್ಟು ಮಾಡಿಕೊಂಡು ಹೋದರು.

ಯಾಕೆ ಹಾಕಲಿಲ್ಲ ಅಂದರೆ, 2 ಮಿಲಿಮೀಟರ್ ವ್ಯತ್ಯಾಸ ಅಂತಲೇ ಹಿಡಿ. ಬರೀ ಅಳತೆಯ ಲೆಕ್ಕದಲ್ಲಿ ಒಂದು ಸುತ್ತಿಗೆ 12 ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಫರಕು ಬೀಳುತ್ತದೆ. ಒಂದು ಕಿಲೋಮೀಟರಿಗೆ ಗಾಲಿ ಹತ್ತಿರ ಹತ್ತಿರ 500 ಸುತ್ತು ಹೊಡೆಯುತ್ತದೆ. ಅಂದರೆ ಕಿಲೋಮೀಟರಿಗೆ 6 ಮೀಟರ್. ಟಯರ್ ಭಾರಕ್ಕೆ ಒತ್ತಿಕೊಳ್ಳುವುದರಿಂದ ನಿಜದಲ್ಲಿ ಅಷ್ಟು ಬರಲಿಕ್ಕಿಲ್ಲ. ಆದರೂ ನೀನು ಬೆಂಗಳೂರಿನಿಂದ ಇಲ್ಲಿಗೆ 400 ಚಿಲ್ಲರೆ ಕಿಲೋಮೀಟರ್ ಬರುತ್ತೀ. ದಾರಿಯುದ್ದಕ್ಕೂ ಒಂದು ಗಾಲಿ ಜಾರುತ್ತಿದೆ ಅಂತ ತಿಳಿದು ಆ ಕ್ಲಚ್ಚು ಕೆಲಸ ಮಾಡುತ್ತಲೇ ಇದ್ದರೆ? ಎಣ್ಣೆ ಕಾಯುತ್ತದೆ, ಪ್ಲೇಟು ಸವೆಯುತ್ತವೆ. ಟಯರಿನಲ್ಲಿ ಉಳಿಸಿದ ದುಡ್ಡಿನ ಎಷ್ಟೋ ಪಟ್ಟು ಆ ಡಬ್ಬಿ ತಿನ್ನುತ್ತದೆ.

ಹಾಗಾಗಿ ಕಂತಿನ ಲೆಕ್ಕ ಹಾಕುವಾಗ ನಾಲ್ಕು ಟಯರಿನ ದುಡ್ಡು ಬೇರೆ ತೆಗೆದಿಡು. ಒಂದು ಹೋದರೆ ಕೆಲವು ಸಲ ನಾಲ್ಕೂ ಬದಲಿಸಬೇಕಾಗುತ್ತದೆ, ಅದೂ ಒಂದೇ ಕಂಪನಿಯ ಒಂದೇ ನಮೂನೆಯವು. ಮುಂದಿನ ಜೋಡಿ ಸಣ್ಣದು, ಹಿಂದಿನದು ಅಗಲ ಇರುವ ಕಾರಾದರೆ ಹಿಂದು-ಮುಂದು ಬದಲಿಸಿ ಸವೆತ ಸರಿದೂಗಿಸುವುದೂ ಆಗುವುದಿಲ್ಲ. ಟಯರಿನ ಗೀರು 1.6 ಮಿಲಿಮೀಟರ್ ಆಳ ಉಳಿದರೂ ಕಾನೂನು ಓಡಿಸು ಅನ್ನುತ್ತದೆ. ನಮ್ಮ ಮಳೆಗೆ ನಾನು ಮೂರಕ್ಕೇ ಬದಲಿಸಿ ಅನ್ನುತ್ತೇನೆ. ವ್ಯಾಪಾರದ ಮಾತು ಅಂತ ನಗಬೇಡ, ನನ್ನ ಕಾರಿಗೂ ಹಾಗೇ ಮಾಡುತ್ತೇನೆ.

ಪೆಟ್ರೋಲಿನ ಖರ್ಚು, ಇನ್ಶೂರೆನ್ಸು ನಾನು ಹೇಳುವುದಿಲ್ಲ. ಗಳಿಸುವವನು ನೀನು.

ಆದರೆ ಕೈಬಿಡುವ ಕಾರು ಏನು ಕೊಡುತ್ತಿತ್ತು ಅಂತ ಒಮ್ಮೆ ನೋಡು. ನಿನ್ನ ಜಿಟಿಯ ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ 2920 ಮಿಲಿಮೀಟರ್. ಎಂ340ಐಗೆ 2851. ಕಾಗದದ ಮೇಲೆ 7 ಸೆಂಟಿಮೀಟರ್, ಏನು ಮಹಾ ಅನ್ನಿಸುತ್ತದೆ. ಅಣ್ಣಿಗೇರಿ ದಾಟಿ ಗದಗಿನ ಕಡೆ ಹೋಗು. ಎರೆ ನೆಲ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಮೇಲೆ ಎಂಥ ಡಾಂಬರು ಹಾಕಿದರೂ ಕೆಲವು ವರ್ಷಕ್ಕೆ ಅಲೆ ಅಲೆ. ಉದ್ದ ಕಾರು, ಮೆತ್ತನೆ ಸ್ಪ್ರಿಂಗು ಇದ್ದರೆ ಆ ಅಲೆಯ ಮೇಲೆ ತೊಟ್ಟಿಲಿನ ಹಾಗೆ ತೂಗಿಕೊಂಡು ಹೋಗುತ್ತದೆ. ಬಿಗಿ ಸ್ಪ್ರಿಂಗಿನ ಕಾರು ಒಂದೊಂದು ಅಲೆಯನ್ನೂ ಎಣಿಸಿ ಸೊಂಟಕ್ಕೆ ಹೇಳುತ್ತದೆ. ನಿನ್ನ ವಯಸ್ಸಿಗೆ ಅದು ಮಜಾ. ಹಿಂದೆ ಕೂತವರಿಗೆ?

ಹೋದ ದೀಪಾವಳಿಗೆ ನೀವು ಬಂದಾಗ ನಾನು ಕಟ್ಟೆಯ ಮೇಲೆ ಕೂತಿದ್ದೆ. ನಿನ್ನ ಅವ್ವ ಕಾರಿನಿಂದ ಇಳಿದದ್ದನ್ನು ನೋಡಿದೆ. ನೀನು ಡಿಕ್ಕಿ ತೆಗೆಯುತ್ತಿದ್ದಿ, ನೋಡಲಿಲ್ಲ. ವೈನಿ ಬಾಗಿಲು ತೆರೆದು ಎರಡೂ ಕಾಲು ಹೊರಗೆ ತಿರುಗಿಸಿದರು. ಒಂದು ಕೈ ಸೀಟಿನ ಮೇಲೆ ಊರಿದರು. ಒಂದು ಕ್ಷಣ ತಡೆದು, ಉಸಿರು ಹಿಡಿದು ಎದ್ದರು. ಜಿಟಿಯ ಸೀಟು ಎತ್ತರ, ಅದಕ್ಕೇ ಒಂದೇ ಸಲಕ್ಕೆ ಎದ್ದರು. ಸೆಡಾನಿನ ಸೀಟು ಇನ್ನೂ ಕೆಳಗೆ. ಅಲ್ಲಿ ಮೊದಲು ಮೇಲಕ್ಕೆ ಬರಬೇಕು, ಆಮೇಲೆ ಹೊರಕ್ಕೆ.

ಅದಕ್ಕೆ ಟೆಸ್ಟ್ ಡ್ರೈವಿಗೆ ಒಬ್ಬನೇ ಹೋಗಬೇಡ. ಅವ್ವನನ್ನು ಹಿಂದೆ ಕೂರಿಸು, ಅರ್ಧ ತಾಸು ಓಡಿಸು, ಮೂರು ಸಲ ಹತ್ತಿಸಿ ಇಳಿಸು. ಹೇಗಿದೆ ಅಂತ ಕೇಳಬೇಡ, ಚಲೋ ಐತಿ ಅಂತಾರೆ, ಮಗ ಆಸೆ ಪಟ್ಟಿದ್ದಾನೆ ಅಂತ. ಮುಖ ನೋಡು. ಅವರಿಗೆ ಆರಾಮ ಅನ್ನಿಸಿದರೆ ನನ್ನ ತಕರಾರು ಏನೂ ಇಲ್ಲ, ತಗೋ. ಮಜಕ್ಕೆ ತಗೋತೀನಿ ಅಂತ ನಿನ್ನ ಅಪ್ಪನಿಗೆ ನೇರವಾಗಿ ಹೇಳಿ ತಗೋ. ಮಳೆಗೆ ಸೇಫ್ ಅಂತ ಹೇಳಿ ಒಪ್ಪಿಸಬೇಡ.

ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದರೆ ಇನ್ನೆರಡು ಮಾತು. ಖಾಲಿ ಜಾಗದಲ್ಲಿ ಸ್ಟೇರಿಂಗ್ ಪೂರಾ ತಿರುಗಿಸಿ ನಿಧಾನಕ್ಕೆ ಒಂದು ಸುತ್ತು ಹಾಕು. ಕಾರು ತಡೆ ತಡೆದು, ಎಳೆದು ಬಿಟ್ಟ ಹಾಗೆ ಕುಪ್ಪಳಿಸಿದರೆ ಆ ಟ್ರಾನ್ಸ್‌ಫರ್ ಕೇಸ್ ಡಬ್ಬಿಯನ್ನು ಮೆಕ್ಯಾನಿಕ್‌ಗೆ ತೋರಿಸದೆ ದುಡ್ಡು ಕೊಡಬೇಡ. ಇನ್ನು ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2223 ಅಂತಿದ್ದರೆ 2023ರ 22ನೇ ವಾರದಲ್ಲಿ ಆದದ್ದು. ನಾಲ್ಕೂ ಟಯರಿನ ಆ ಅಂಕಿಯ ಫೋಟೋ ತೆಗೆದು ನನಗೆ ಕಳಿಸು. ಎರಡು ಒಂದು ವರ್ಷದವು, ಎರಡು ಇನ್ನೊಂದು ವರ್ಷದವು ಇದ್ದರೆ ಮಾರುವವನಿಗೆ ನಾನೇ ಫೋನ್ ಮಾಡುತ್ತೇನೆ. ಅಡ್ವಾನ್ಸ್ ಅದಕ್ಕಿಂತ ಮೊದಲು ಕೊಡಬೇಡ.

ನಿನ್ನ ಕಾಕು ಶೇಂಗಾ ಚಟ್ನಿ ಮಾಡಿ ಇಟ್ಟಿದ್ದಾಳೆ, ಬರುವಾಗ ಡಬ್ಬಿ ವಾಪಸ್ ತಗೊಂಡು ಬಾ. ಈ ಪತ್ರವನ್ನು ಅವ್ವನಿಗೆ ಮಾತ್ರ ತೋರಿಸಬೇಡ. ಮೊಣಕಾಲಿನ ಸುದ್ದಿ ಬರೆದಿದ್ದೇನೆ ಅಂತ ಗೊತ್ತಾದರೆ ವೈನಿ ನನಗೆ ಒಂದು ತಿಂಗಳು ಚಹಾ ಕೊಡುವುದಿಲ್ಲ.

ಇಂತಿ,
ನಿನ್ನ ಕಾಕಾ