ದೆವ್ವಗಳ ಕತ್ತಿ ಕಾಳಗವಷ್ಟೇ ಅಲ್ಲ

ಮಾನ್ಯ ಸಂಪಾದಕರೇ,

ಮನೆಯಲ್ಲೇ ನೋಡಬಹುದಾದ ಹಳೆಯ ವಿದೇಶಿ ಚಿತ್ರಗಳ ಕುರಿತು ತಮ್ಮ ಭಾನುವಾರದ ಪುರವಣಿ ಪ್ರಕಟಿಸಿದ ಪಟ್ಟಿಯಲ್ಲಿ ಕಿಂಜಿ ಫುಕಾಸಾಕು ನಿರ್ದೇಶನದ ‘ಮಕಾಯ್ ತೆನ್‌ಶೋ’ ಹೆಸರನ್ನು ಕಂಡು ಸಂತೋಷವಾಯಿತು. ಆದರೆ 1981ರ ಈ ಜಪಾನಿ ಚಿತ್ರವನ್ನು ‘ದೆವ್ವಗಳ ಕತ್ತಿ ಕಾಳಗ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದು ನನಗೆ ಸರಿಯೆನಿಸಲಿಲ್ಲ.

ಚಿತ್ರದ ಬೇರು ಇರುವುದು ಒಂದು ಸೋಲಿನಲ್ಲಿ. ತೆರಿಗೆಯ ಹೊರೆಯನ್ನೂ ಕ್ರೈಸ್ತರ ಮೇಲಿನ ದಮನವನ್ನೂ ತಾಳಲಾರದೆ 1637ರಲ್ಲಿ ದಂಗೆಯೆದ್ದ ಜಪಾನಿನ ಶಿಮಾಬಾರಾ ಪ್ರದೇಶದ ರೈತರು, ಹಾರಾ ಎಂಬ ಹಾಳುಕೋಟೆಯನ್ನು ಸೇರಿಕೊಂಡು, ಆಗ ದೇಶವನ್ನಾಳುತ್ತಿದ್ದ ಸೇನಾಧಿಪತಿ ಶೋಗುನನ ಲಕ್ಷ ಮೀರಿದ ಸೈನ್ಯದ ಮುತ್ತಿಗೆಯನ್ನು ತಿಂಗಳುಗಟ್ಟಲೆ ತಡೆದು ನಿಂತರು. ಕಾಳುಕಡಿ ತೀರಿದ ಮೇಲೆ, 1638ರಲ್ಲಿ ಕೋಟೆ ಬಿತ್ತು. ಹದಿಹರೆಯದ ನಾಯಕ ಅಮಾಕುಸಾ ಶಿರೋನ ತಲೆ ಉರುಳಿತು. (ಮುತ್ತಿಗೆಯ ಕಥೆಗಳನ್ನು ಕೇಳುತ್ತಲೇ ಬೆಳೆದ, ಓಬವ್ವನ ಕಿಂಡಿಯನ್ನು ಎಷ್ಟು ಸಲ ನೋಡಿದ್ದೇವೆಂಬ ಲೆಕ್ಕವೇ ಇಲ್ಲದ ದುರ್ಗದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.) ಕಲ್ಪನೆ ಕೈಹಿಡಿಯುವುದು ಇಲ್ಲಿಂದ. ತಾನು ನಂಬಿದ ದೇವರು ಮೌನವಾಗಿಯೇ ಉಳಿದನೆಂದು ಕೆರಳಿದ ಶಿರೋ ದುಷ್ಟಶಕ್ತಿಗಳಿಗೆ ತನ್ನನ್ನು ಒಪ್ಪಿಸಿಕೊಂಡು ಎದ್ದು ಬರುತ್ತಾನೆ; ಕೊರಗು ಹೊತ್ತವರನ್ನು ಒಬ್ಬೊಬ್ಬರಾಗಿ ಕೂಡಿಸಿಕೊಳ್ಳುತ್ತಾನೆ. ಗಂಡನ ಉಪೇಕ್ಷೆಯಲ್ಲಿ ಬೆಂದ, ಸಾಮಂತನೊಬ್ಬನ ಹೆಂಡತಿ ಗ್ರಾಸಿಯಾ, ಕತ್ತಿಯ ಹಂಬಲ ಇನ್ನೂ ಆರದ ಹೆಸರಾಂತ ಕತ್ತಿವರಸೆಗಾರ ಮುಸಾಶಿ ಆ ಗುಂಪಿನವರು. ಆಸೆ ತೀರದೆ ಹೋದವರ ಜೀವ ಅಲೆಯುತ್ತದೆಂದು ನಮ್ಮ ಅಜ್ಜಿಯರೂ ಹೇಳುತ್ತಿದ್ದರಲ್ಲವೇ? ಹೀಗಾಗಿ ಇಲ್ಲಿ ಭಯಕ್ಕಿಂತ ಮರುಕವೇ ಮುಂದೆ ಬರುತ್ತದೆ. ಖಳನಾದ ಶಿರೋನ ಪಾತ್ರಕ್ಕೆ ಜನಪ್ರಿಯ ಗಾಯಕ ಕೆಂಜಿ ಸವಾದಾ ಅವರನ್ನು ಆರಿಸಿದ್ದು ಆ ಮರುಕವನ್ನು ಇನ್ನಷ್ಟು ಹೆಚ್ಚಿಸಿದೆ.

ಈ ಚಿತ್ರವನ್ನು ನಾನು ಮೊದಲು ನೋಡಿದ್ದು ಬಾಡಿಗೆಗೆ ತಂದ ಸವಕಲು ಕ್ಯಾಸೆಟ್ಟಿನಲ್ಲಿ. ಅದರಲ್ಲಿ ಇಂಗ್ಲಿಷ್ ಡಬ್ಬಿಂಗ್ ಇತ್ತು, ಚೌಕಟ್ಟಿನ ಅಂಚುಗಳು ಕತ್ತರಿಸಿ ಹೋಗಿದ್ದವು, ಕತ್ತಲ ದೃಶ್ಯಗಳೆಲ್ಲ ಬರೀ ಮಸಿಯಾಗಿದ್ದವು. ಆಗ ನಾನೂ ಇದನ್ನು ದೆವ್ವದ ಚಿತ್ರವೆಂದೇ ತಿಳಿದಿದ್ದೆ. ಇತ್ತೀಚೆಗೆ ಬ್ಲೂ-ರೇ ತಟ್ಟೆಯಲ್ಲಿ ಮೂಲ ಜಪಾನಿ ಧ್ವನಿಯೊಂದಿಗೆ ನೋಡಿದಾಗ, ಶೋಗುನನ ಉರಿಯುವ ಎದೋ ಕೋಟೆಯೊಳಗೆ, ಮೈತುಂಬ ಮಂತ್ರಾಕ್ಷರ ಬರೆಸಿಕೊಂಡ ಕಥಾನಾಯಕ, ಕತ್ತಿವೀರ ಜೂಬೇ (ಸನ್ನಿ ಚಿಬಾ) ಮತ್ತು ಸತ್ತು ಮರಳಿದ ಅವನ ತಂದೆ ಮುನೆನೋರಿ (ತೊಮಿಸಾಬುರೋ ವಕಾಯಾಮಾ) ಎದುರುಬದುರಾಗುವ ಕಾಳಗದ ತೂಕ ಅರ್ಥವಾಯಿತು. ಗ್ರಾಫಿಕ್ಸ್ ಇಲ್ಲದ ಕಾಲದ ಆ ಬೆಂಕಿ ನಿಜವಾದ ಬೆಂಕಿಯೇ; ಅದರ ಝಳ ನಟರ ಮುಖದ ಮೇಲೆ ಕಾಣುತ್ತದೆ. ತಂದೆಯನ್ನು ಕೊಲ್ಲಲೇಬೇಕಾದ ಮಗನ ಸಂಕಟ ಕ್ಯಾಸೆಟ್ಟಿನ ಮಸಿಯಲ್ಲಿ ಪೂರ್ತಿ ಮುಳುಗಿಹೋಗಿತ್ತು.

ಆದ್ದರಿಂದ ಮುಂದಿನ ಪಟ್ಟಿಗಳಲ್ಲಿ ಚಿತ್ರದ ಹೆಸರಿನ ಜೊತೆಗೆ ಮೂಲ ಭಾಷೆಯ ಧ್ವನಿ ಇದೆಯೇ, ಚೌಕಟ್ಟು ಪೂರ್ಣವಾಗಿದೆಯೇ, ಅಡಿಬರಹ ಯಾವ ಭಾಷೆಯಲ್ಲಿದೆ ಎಂಬ ಮಾಹಿತಿಯನ್ನೂ ಎರಡು ಸಾಲಿನಲ್ಲಿ ಕೊಡಬೇಕೆಂದು ಕೋರುತ್ತೇನೆ. ಇಂಥ ಚಿತ್ರಗಳು ನಮ್ಮೂರಿನ ಪರದೆಗೆ ಬರುವಂಥವಲ್ಲ; ತಟ್ಟೆಯನ್ನು ದುಡ್ಡು ಕೊಟ್ಟು ತರಿಸಿಕೊಳ್ಳುವ ನಮ್ಮಂಥವರಿಗೆ ಆ ಎರಡು ಸಾಲು ಬಹಳ ಉಪಯೋಗಕ್ಕೆ ಬರುತ್ತವೆ.

— ಓರ್ವ ಓದುಗ, ಚಿತ್ರದುರ್ಗ